ಪದವೊಂದಕ್ಕೆ ಎರಡು ರೂಪಾಯಿ

ನಮ್ಮ ಮನೆಯಲ್ಲಿ ಏಳು ಶಾಲುಗಳಿವೆ. ಚಳಿಯ ಬಾಧೆ ಅಷ್ಟಾಗಿ ಇಲ್ಲದ ಮೈಸೂರಿನಲ್ಲಿ, ನಾಲ್ವರಿರುವ ಸಂಸಾರಕ್ಕೆ ಏಳು ಶಾಲುಗಳೇಕೆ ಎಂದು ಯಾರಾದರೂ ಕೇಳಿದರೆ ನನ್ನಾಕೆ ಮಾತನಾಡದೆ ನನ್ನ ಕಡೆ ಕೈ ತೋರಿಸುತ್ತಾಳೆ. ಅವು ಕೊಂಡುತಂದವುಗಳಲ್ಲ, ನಾನು ಬರೆದು ಸಂಪಾದಿಸಿದವು. ಒಂದು, ಜಾತ್ರೆಯ ಸ್ಮರಣಸಂಚಿಕೆಯನ್ನು ಸಂಪಾದಿಸಿಕೊಟ್ಟದ್ದಕ್ಕೆ ಬಂದದ್ದು. ಇನ್ನೊಂದು, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಅಭಿನಂದನ ಗ್ರಂಥದ 320 ಪುಟಗಳ ಕರಡನ್ನು ತಿದ್ದಿದ್ದಕ್ಕೆ. ಮತ್ತೊಂದು, ಸಹಕಾರ ಸಂಘವೊಂದರ ಸುವರ್ಣ ಮಹೋತ್ಸವದಲ್ಲಿ ಬೇರೊಬ್ಬರ ಬಾಯಿಂದ ಹೊರಡಬೇಕಾಗಿದ್ದ ಭಾಷಣವನ್ನು ಬರೆದದ್ದಕ್ಕೆ. ಪ್ರತಿಯೊಂದರ ಜೊತೆಗೂ ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ‘ಇವರ ಲೇಖನಿಯಿಂದ ಇನ್ನಷ್ಟು ಸೇವೆ ಸಲ್ಲಲಿ’ ಎಂಬ ಹಾರೈಕೆ. ಹಣ್ಣು ಎರಡು ದಿನ, ಹಾರ ಒಂದು ದಿನ ಬಾಳುತ್ತಿದ್ದವು. ಶಾಲು ಮಾತ್ರ ಉಳಿಯುತ್ತಿದ್ದಿತು. ಏಳನೆಯದು ಬಂದ ದಿನ ಆಕೆ ಅದನ್ನು ಮಡಿಸಿಡುತ್ತ, “ಇದನ್ನು ಹೊದ್ದುಕೊಂಡು ಹೋದರೆ ದಿನಸಿ ಅಂಗಡಿಯವನು ಅಕ್ಕಿ ಕೊಡುತ್ತಾನೆಯೆ?” ಎಂದು ಕೇಳಿದಳು. ಕೋಪದಿಂದಲ್ಲ, ತಿಳಿದುಕೊಳ್ಳುವ ಕುತೂಹಲದಿಂದ.

ಆ ಪ್ರಶ್ನೆಗೆ ಕಾರಣವಿದ್ದಿತು. ನಾನು ಕಾಲೇಜಿನಲ್ಲಿ ಕನ್ನಡ ಬೋಧಿಸುವವನು. ಆದರೆ ಅತಿಥಿ ಉಪನ್ಯಾಸಕ. ತಿಥಿಯನ್ನು ಗೊತ್ತುಮಾಡಿಕೊಳ್ಳದೆ ಬರುವವನು ಅತಿಥಿ ಎಂದು ಪಂಡಿತರು ಅರ್ಥ ಹೇಳುತ್ತಾರೆ. ನಮ್ಮ ವಿಷಯದಲ್ಲಿ ಅದು ಅರ್ಧ ಸತ್ಯ. ಬರುವ ತಿಥಿ ಗೊತ್ತಿರುವುದಿಲ್ಲ, ನಿಜ. ಹೋಗುವ ತಿಥಿ ಮಾತ್ರ ನಿಶ್ಚಿತವಾಗಿ ಗೊತ್ತಿರುತ್ತದೆ. ಪಾಠಗಳು ಮುಗಿದು ಕಾಲೇಜಿಗೆ ರಜೆ ಬಂದಿತೆಂದರೆ ನಮ್ಮ ಸಂಬಳಕ್ಕೂ ರಜೆ. ಮಾವಿನ ಹಣ್ಣು ಪೇಟೆಗೆ ಬರುವ ಹೊತ್ತಿಗೆ ನಮ್ಮ ಜೇಬು ಬರಿದಾಗಿರುತ್ತದೆ. ಮಕ್ಕಳ ಶಾಲೆಯ ಶುಲ್ಕ, ಪಠ್ಯಪುಸ್ತಕ, ಮಳೆಗಾಲದ ಕೊಡೆ, ಎಲ್ಲವೂ ಒಟ್ಟಾಗಿ ಬಾಗಿಲು ತಟ್ಟುವುದೂ ಅದೇ ಕಾಲದಲ್ಲಿ. ಈ ಎರಡು ತಿಂಗಳುಗಳನ್ನು ದಾಟಿಸುವ ಹರಿಗೋಲು ನನ್ನ ಬಳಿ ಇದ್ದದ್ದು ಒಂದೇ: ಬರವಣಿಗೆ. ಅದನ್ನು ಹಣವಾಗಿ ಮಾಡುವ ಬಗೆಯನ್ನು ಎಂ.ಎ. ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಟ್ಟಿರಲಿಲ್ಲ ಎಂದರೆ ತಪ್ಪಾದೀತು, ನಾವು ಕಿವಿಗೊಟ್ಟಿರಲಿಲ್ಲ. ಪಂಪನು ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿಯೂ ಮುಗಿಸಿದನೆಂದು ನಾನೇ ಪ್ರತಿವರ್ಷ ತರಗತಿಯಲ್ಲಿ ಪಾಠ ಹೇಳುತ್ತೇನೆ. ಆ ಎರಡನೆಯ ಕಾವ್ಯಕ್ಕಾಗಿ ಅರಿಕೇಸರಿಯು ಅವನಿಗೆ ಧರ್ಮವುರವೆಂಬ ಅಗ್ರಹಾರವನ್ನೇ ಕೊಟ್ಟನು. ಆರು ತಿಂಗಳ ಬರವಣಿಗೆಗೆ ಒಂದು ಊರು! ಹತ್ತನೆಯ ಶತಮಾನದಲ್ಲಿಯೇ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಓಲೆಗರಿಯ ಮೇಲೆ ಒಂದೊಂದೇ ಅಕ್ಷರವನ್ನು ಕೊರೆದ ಆ ಲಿಪಿಕಾರರ ಹೆಸರು ನಮಗೆ ತಿಳಿಯದು. ಆದರೆ ಅವರು ಬರಿಯ ಹಾರೈಕೆಯನ್ನುಂಡು ಬರೆದಿರಲಾರರು. ಇತ್ತೀಚೆಗೆ ಬಂದರೆ, 1971ರಲ್ಲಿ ತೀರಿಕೊಂಡ ಅ.ನ.ಕೃ. ಅವರು ಬರವಣಿಗೆಯನ್ನೇ ಜೀವನೋಪಾಯ ಮಾಡಿಕೊಂಡು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಇವರೆಲ್ಲರ ವಿಷಯ ಬಲ್ಲ ನನಗೆ, ಸಂಘದ ಕಾರ್ಯದರ್ಶಿಯೊಬ್ಬರ ಮುಂದೆ ಕುಳಿತು “ಇದಕ್ಕೆ ಎಷ್ಟು ಕೊಡುತ್ತೀರಿ?” ಎಂಬ ಮಾತನ್ನು ಆಡಲು ನಾಲಗೆ ಏಳುತ್ತಿರಲಿಲ್ಲ. ವಿದ್ಯೆಯನ್ನು ಮಾರಿದೆನೆಂದು ಯಾರಾದರೂ ಅಂದಾರೆಂಬ ಅಳುಕು. ತಮಾಷೆಯೆಂದರೆ, ಹಾಗೆ ಅನ್ನಬಹುದೆಂದು ನಾನು ಅಂಜಿದ್ದ ಮಹನೀಯರೆಲ್ಲರೂ ತಮ್ಮ ತಮ್ಮ ಸರಕನ್ನು ಮಾರಿಯೇ ಬದುಕುತ್ತಿದ್ದವರು.

ಈ ಸಂಕೋಚದ ಬೆಲೆ ಎಷ್ಟೆಂಬುದು 2023ರ ಬೇಸಗೆಯಲ್ಲಿ ತಿಳಿಯಿತು. ನಿವೃತ್ತ ಗುತ್ತಿಗೆದಾರರೊಬ್ಬರು ತಮ್ಮ ಆತ್ಮಕಥೆಯನ್ನು ಬರೆಯಿಸಬೇಕೆಂದು ನನ್ನನ್ನು ಕರೆಸಿದರು. ಮೂವತ್ತು ವರ್ಷ ರಸ್ತೆಗಳನ್ನೂ ಸೇತುವೆಗಳನ್ನೂ ಕಟ್ಟಿದವರು; ಉಯ್ಯಾಲೆಯ ಮೇಲೆ ಕುಳಿತು ಕಥೆ ಹೇಳಲು ಕುಶಲರು. 25,000 ರೂಪಾಯಿ ಎಂದು ಬಾಯಿಮಾತಿನಲ್ಲಿ ಗೊತ್ತಾಯಿತು. ಎರಡು ತಿಂಗಳು, ದಿನಕ್ಕೆ ನಾಲ್ಕು ಗಂಟೆಯಂತೆ ಅವರು ಹೇಳಿದ್ದನ್ನು ಕೇಳಿ, ಬರೆದು, ತಿದ್ದಿ, ಮತ್ತೆ ಬರೆದೆ. ಮೊದಲ ತಿಂಗಳು 12,000 ಕೊಟ್ಟರು. ಪುಸ್ತಕ ಅಚ್ಚಾಯಿತು, ಸಭೆಯಾಯಿತು, ಶಾಲೂ ಆಯಿತು. ಉಳಿದ ಹಣದ ಮಾತನ್ನು ನಾಲ್ಕನೆಯ ಸಲ ಎತ್ತಿದಾಗ ಅವರು ನಕ್ಕು, “ಕಥೆ ನನ್ನದು ಮೇಷ್ಟ್ರೆ, ನೀವು ಬರೆದಿರಿ, ಅಷ್ಟೆ” ಎಂದರು. ಆ ‘ಅಷ್ಟೆ’ ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಜೂನ್ ತಿಂಗಳ ಮೊದಲ ವಾರ ನನ್ನಾಕೆ ತನ್ನ ಎರಡು ಬಳೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬ್ಯಾಂಕಿಗೆ ಹೋಗಿ ಅಡವಿಟ್ಟು ಬಂದಳು. ಮಗಳ ಶಾಲೆಯ ಶುಲ್ಕ ಸಂದಾಯವಾಯಿತು. ನಾನು ಜೊತೆಯಲ್ಲಿ ಬರುತ್ತೇನೆಂದಾಗ, “ಬೇಡ, ಬಿಸಿಲಿದೆ” ಎಂದಳು.

ಅಂದಿನ ರಾತ್ರಿ ಕುಳಿತು, ಎಂ.ಎ. ಆದ ಮೇಲೆ ಮೊದಲ ಸಲ ಲೆಕ್ಕ ಮಾಡಿದೆ. ಅರವತ್ತು ದಿನ, ದಿನಕ್ಕೆ ನಾಲ್ಕು ಗಂಟೆ: 240 ಗಂಟೆ. ಕೈಗೆ ಬಂದದ್ದು 12,000. ಗಂಟೆಗೆ 50 ರೂಪಾಯಿ. ನಮ್ಮ ಬೀದಿಯಲ್ಲಿ ಗೋಡೆ ಕಟ್ಟುತ್ತಿದ್ದ ಗಾರೆಯವನ ಕೂಲಿ ಅದಕ್ಕಿಂತ ಮೇಲಾಗಿದ್ದಿತು. ಮೇಲಾಗಿ ಅವನು ಶನಿವಾರ ಸಂಜೆ ಲೆಕ್ಕ ಚುಕ್ತಾ ಮಾಡಿಸಿಕೊಳ್ಳದೆ ಜಾಗ ಬಿಟ್ಟು ಏಳುತ್ತಿರಲಿಲ್ಲ. ಮಾಡುವ ಕೆಲಸವನ್ನು ಪುಟದಿಂದಲೋ ಗೌರವದಿಂದಲೋ ಅಳೆಯದೆ ಗಂಟೆಯಿಂದ ಅಳೆಯಬೇಕೆಂಬ ಪಾಠವನ್ನು ನಾನು ಕಲಿತದ್ದು ಆ ಗಾರೆಯವನಿಂದ. ಕಾನೂನಿನ ಪುಸ್ತಕವನ್ನೂ ತೆರೆದು ನೋಡಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕೃತಿಯೊಂದರ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದಾದರೆ ಅದು ಬರಹದಲ್ಲಿರಬೇಕು, ರುಜುವಿರಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದು ತಿಳಿಯತಕ್ಕದ್ದು. ಬರೆದು ಜೀವಿಸಬೇಕೆಂದಿದ್ದ ನಾನು ಒಂದು ಸಾಲು ಕರಾರನ್ನು ಬರೆಯಲು ಮರೆತಿದ್ದೆ. ನೆರೆಯವರ ಕಥೆಗಳಿಗೆಲ್ಲ ಶುದ್ಧ ಪ್ರತಿ ಮಾಡಿಕೊಟ್ಟು, ನನ್ನ ಪಾಲಿನ ಒಂದು ಚೀಟಿಯನ್ನು ಬರೆದುಕೊಳ್ಳದೆ ಹೋಗಿದ್ದೆ.

ಆಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು. ನಾನು ಬರವಣಿಗೆಯ ಕೆಲಸವನ್ನು ಕೇಳುತ್ತಿದ್ದುದು ಯಾರ ಬಳಿ? ಕನ್ನಡವನ್ನು ಬಲ್ಲವರ ಬಳಿ, ಕನ್ನಡವನ್ನು ಪ್ರೀತಿಸುವವರ ಬಳಿ. ಅವರಿಗೆ ನನ್ನ ಬರಹ ಸಂತೋಷ ಕೊಡುತ್ತಿದ್ದಿತು. ಆದರೆ ಅದಿಲ್ಲದಿದ್ದರೆ ಅವರ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಸಂತೋಷಕ್ಕೆ ಶಾಲು ಸಲ್ಲುತ್ತದೆ. ಅವಶ್ಯಕತೆಗೆ ಹಣ ಸಲ್ಲುತ್ತದೆ. ಕನ್ನಡವಿಲ್ಲದೆ ಯಾರ ಕೆಲಸ ನಿಲ್ಲುತ್ತದೆ? ಇದನ್ನು ಯೋಚಿಸತೊಡಗಿದ ಮೇಲೆ ಊರೇ ಬೇರೆಯಾಗಿ ಕಾಣತೊಡಗಿತು. 2024ರಲ್ಲಿ ನಮ್ಮ ರಾಜ್ಯದಲ್ಲಿ ಆದ ಕಾನೂನಿನ ತಿದ್ದುಪಡಿಯಂತೆ ಅಂಗಡಿಗಳ, ಉದ್ಯಮಗಳ ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡವಿರಬೇಕಾಯಿತು. ನಮ್ಮ ಬಡಾವಣೆಯ ಪೀಠೋಪಕರಣದ ಅಂಗಡಿಯವರು, ಬೇರೆ ಪ್ರಾಂತದಿಂದ ಬಂದವರು, ತಮ್ಮ ಹಲಗೆಗೆ ನಾಲ್ಕು ಸಾಲು ಕನ್ನಡ ಬೇಕೆಂದರು. ನಾನು ಕಣ್ಣು ಮುಚ್ಚಿ ಮುನ್ನೂರು ರೂಪಾಯಿ ಎಂದೆ. ಅವರು ಮರುಮಾತಿಲ್ಲದೆ ಕೊಟ್ಟರು. ಅರ್ಧ ಗಂಟೆಯ ಕೆಲಸ. ಗುತ್ತಿಗೆದಾರರ ಜೀವನಚರಿತ್ರೆಗಿಂತ ಆ ಹಲಗೆ ಗಂಟೆಗೆ ಹನ್ನೆರಡು ಪಾಲು ಹೆಚ್ಚು ತಂದಿತು! ಸಾಹಿತ್ಯಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿಲ್ಲದಿರಬಹುದು. ನನ್ನಾಕೆಯ ಲೆಕ್ಕದ ಪುಸ್ತಕದಲ್ಲಿ ಸ್ಥಾನ ದೊರೆಯಿತು.

ಗ್ರಂಥಾನುವಾದದ ದಾರಿಯೂ ಇದ್ದಿತು. ನಮ್ಮ ಊರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಿದೆ. ಯೋಗ್ಯವಾದ, ಹೆಸರು ಉಳಿಯುವ ಕೆಲಸ. ಆದರೆ ಗ್ರಂಥವೊಂದರ ಅನುವಾದವು ಸ್ವಭಾವತಃ ಆಲದ ಗಿಡ ನೆಟ್ಟಂತೆ. ನೆರಳು ಬರುವುದು ನಿಧಾನ. ನನಗೆ ಬೇಕಾಗಿದ್ದುದು ಜೂನ್ ತಿಂಗಳಿಗೆ ಕೊಯ್ಲಿಗೆ ಬರುವ ಸೊಪ್ಪು.

ಹೀಗಿರಲು, 2024ರ ಏಪ್ರಿಲಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನು ಫೋನ್ ಮಾಡಿದನು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದವನು. ಈಗ ಬೆಂಗಳೂರಿನ ಅನುವಾದ ಸಂಸ್ಥೆಯೊಂದರಲ್ಲಿ ಕೆಲಸ ಹಂಚುವ ಅಧಿಕಾರಿ. “ಸಾರ್, ಒಂದು ಕಾಗದವನ್ನು ಕನ್ನಡಕ್ಕೆ ತರಬೇಕು. ಹೊಸ ಔಷಧವೊಂದರ ಪರೀಕ್ಷೆಯಲ್ಲಿ ಭಾಗವಹಿಸುವ ರೋಗಿಗಳು ಓದಿ ರುಜು ಹಾಕಬೇಕಾದ ಒಪ್ಪಿಗೆ ಪತ್ರ. 4,200 ಪದ. ದರ ಎಷ್ಟು ಹೇಳುತ್ತೀರಿ?” ನಾನು ಗಂಟಲು ಸರಿಮಾಡಿಕೊಂಡು, “ಪದಕ್ಕೆ ಐವತ್ತು ಪೈಸೆ...” ಎಂದೆ. ಆ ಕಡೆ ಒಂದು ಕ್ಷಣ ಮೌನ. “ಸಾರ್, ನೀವು ಐವತ್ತು ಪೈಸೆ ಎಂದರೆ ನಮ್ಮವರು ನಿಮ್ಮ ಕೆಲಸವೂ ಐವತ್ತು ಪೈಸೆಯದು ಎಂದು ತಿಳಿಯುತ್ತಾರೆ. ಎರಡು ರೂಪಾಯಿ ಎಂದು ಬರೆಯಿರಿ” ಎಂದನು. ಗುರುವಿಗೆ ತಿರುಮಂತ್ರ ಹೇಳಿದ ಶಿಷ್ಯ!

ಅವನು ಇನ್ನೂ ಒಂದು ಸೂಕ್ಷ್ಮವನ್ನು ಹೇಳಿಕೊಟ್ಟನು. ಪದಗಳನ್ನು ಎಣಿಸುವುದು ಮೂಲದಲ್ಲಿಯೇ ಆಗಬೇಕು, ಕನ್ನಡದಲ್ಲಿ ಅಲ್ಲ. ಇದರ ಮರ್ಮ ವ್ಯಾಕರಣದಲ್ಲಿದೆ. ಇಂಗ್ಲಿಷಿನಲ್ಲಿ ‘ಇನ್ ದ ಹಾಸ್ಪಿಟಲ್’ ಎಂದರೆ ಮೂರು ಪದ. ನಮ್ಮಲ್ಲಿ ‘ಆಸ್ಪತ್ರೆಯಲ್ಲಿ’ ಎಂಬ ಒಂದೇ ಪದ. ವಿಭಕ್ತಿ ಪ್ರತ್ಯಯಗಳು ಪ್ರಕೃತಿಗೆ ಅಂಟಿಕೊಂಡು ಬರುವ ನಮ್ಮ ಭಾಷೆಯ ಸೊಗಸನ್ನು ನಾನು ಎಷ್ಟೋ ಸಲ ಬಣ್ಣಿಸಿದ್ದೇನೆ. ಆ ಸೊಗಸಿನಿಂದ ಅನುವಾದಕನಿಗೆ ನಷ್ಟವಾಗಬಹುದೆಂಬುದು ಹೊಳೆದಿರಲಿಲ್ಲ. ಅವರ 4,200 ಪದಗಳು ನನ್ನ ಕೈಯಲ್ಲಿ ಸುಮಾರು ಮೂರು ಸಾವಿರಕ್ಕೆ ಇಳಿದವು. ಸಪ್ತಮೀ ವಿಭಕ್ತಿಗೆ ಹಣದ ಬೆಲೆ ಇದೆಯೆಂದು ಈಗ ವಿದ್ಯಾರ್ಥಿಗಳಿಗೆ ಹೇಳಿದರೆ, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಕೆಲಸಕ್ಕೆ ಕುಳಿತೆ. ಎಂ.ಎ. ಕನ್ನಡದವನು ನಾನು; ನನ್ನ ಪಾಂಡಿತ್ಯವನ್ನೆಲ್ಲ ಅದರಲ್ಲಿ ಸುರಿದೆ. ಔಷಧದಂತೆ ಕಾಣುವ, ಆದರೆ ಔಷಧವಲ್ಲದ ಮಾತ್ರೆಗೆ ‘ಔಷಧಾಭಾಸ ಗುಟಿಕೆ’ ಎಂದು ಹೊಸದಾಗಿ ಸಮಾಸ ಕಟ್ಟಿದೆ. ಯಾರಿಗೆ ಯಾವ ಮಾತ್ರೆಯೆಂದು ಚೀಟಿ ಎತ್ತಿದಂತೆ ನಿರ್ಣಯವಾಗುವುದಕ್ಕೆ ‘ಯಾದೃಚ್ಛಿಕ ವಿನಿಯೋಜನೆ’ ಎಂದು ಬರೆದೆ. ನೀವು ಯಾವಾಗ ಬೇಕಾದರೂ ಇದರಿಂದ ಹಿಂದೆ ಸರಿಯಬಹುದು ಎಂಬಲ್ಲಿ ‘ಭಾಗವಹಿಸುವಿಕೆಯಿಂದ ನಿವೃತ್ತರಾಗಬಹುದು’ ಎಂದು ಗಂಭೀರವಾಗಿ ಬರೆದೆ. ಕಳುಹಿಸಿ, ಶಬ್ದಮಣಿದರ್ಪಣದ ಕೇಶಿರಾಜನೂ ಮೆಚ್ಚುತ್ತಿದ್ದನೆಂದುಕೊಂಡು ನಿದ್ದೆ ಮಾಡಿದೆ.

ನಾಲ್ಕು ದಿನಗಳ ಮೇಲೆ ಅದು ಹಿಂದಿರುಗಿತು. ಇಂಥ ಕಾಗದಗಳಲ್ಲಿ ಒಂದು ಪದ್ಧತಿಯುಂಟು: ಕನ್ನಡಕ್ಕೆ ಬಂದುದನ್ನು, ಮೂಲವನ್ನು ನೋಡಿರದ ಇನ್ನೊಬ್ಬರು ಪುನಃ ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡನ್ನೂ ಹೋಲಿಸಿ ನೋಡುತ್ತಾರೆ. ನನ್ನ ‘ನಿವೃತ್ತರಾಗಬಹುದು’ ಎಂಬುದು ಹಿಂದಿರುಗಿ ಬರುವಾಗ, ರೋಗಿಯು ಬಯಸಿದರೆ ಪಿಂಚಣಿ ಪಡೆಯುವ ನೌಕರನಂತೆ ರಿಟೈರ್ ಆಗಬಹುದು ಎಂದಾಗಿದ್ದಿತು. ‘ಔಷಧಾಭಾಸ’ದ ಮುಂದೆ ಆ ಮಹನೀಯರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದರು. ಕೊನೆಯಲ್ಲಿ ಒಂದು ಸಾಲಿನ ಟಿಪ್ಪಣಿ: ಇದನ್ನು ಓದುವವರು ಪಂಡಿತರಲ್ಲ, ರೋಗಿಗಳು.

ನಾಚಿಕೆಯಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಇಂಥ ಕಾಗದ ಏಕೆ ಹುಟ್ಟಿತೆಂದು ಆಗ ಓದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳ ವಿಚಾರಣೆಯಾದ ಮೇಲೆ, 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂದಿತು. ಮನುಷ್ಯನ ಸ್ವಂತ ಒಪ್ಪಿಗೆಯಿಲ್ಲದೆ ಅವನ ಮೇಲೆ ಪ್ರಯೋಗ ಸಲ್ಲದೆಂಬುದು ಅದರ ಮೊದಲ ಸೂತ್ರ. ನಮ್ಮ ದೇಶದಲ್ಲಿ ಹೊಸ ಔಷಧಗಳ ಪರೀಕ್ಷೆಯ ಬಗೆಗೆ 2019ರಲ್ಲಿ ಬಂದ ನಿಯಮಗಳು, ರೋಗಿಗೆ ಕೊಡುವ ವಿವರವು ಪಾರಿಭಾಷಿಕವಲ್ಲದ, ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ವಿಧಿಸುತ್ತವೆ. ಓದುಬರಹ ಬಾರದವನಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಮೊದಲಿನಿಂದ ಕೊನೆಯವರೆಗೆ ಜೊತೆಯಲ್ಲಿದ್ದು ರುಜು ಹಾಕಬೇಕು. ಕನ್ನಡವಿಲ್ಲದೆ ಯಾರ ಕೆಲಸ ನಿಲ್ಲುತ್ತದೆ ಎಂದು ಕೇಳಿಕೊಂಡಿದ್ದೆನಲ್ಲ, ಅದಕ್ಕೆ ಉತ್ತರ ಇಲ್ಲಿ ದೊರೆಯಿತು. ಇಲ್ಲಿ ಕನ್ನಡವು ಅಲಂಕಾರವಲ್ಲ. ಅದಿಲ್ಲದೆ ಒಪ್ಪಿಗೆಯೇ ಒಪ್ಪಿಗೆಯಲ್ಲ.

ಕಾಗದವನ್ನು ಹೊರಗಿನವರಿಗೆ ತೋರಿಸಬಾರದೆಂದು ಬರೆದುಕೊಟ್ಟಿದ್ದೆ. ಆದ್ದರಿಂದ ಅದರ ಧಾಟಿಯಲ್ಲಿಯೇ ಹತ್ತು ವಾಕ್ಯಗಳನ್ನು ನಾನೇ ಬೇರೆಯಾಗಿ ಬರೆದು, ನನ್ನ ತಾಯಿಯ ಮುಂದೆ ಇಟ್ಟೆ. ನಾಲ್ಕನೆಯ ತರಗತಿಯವರೆಗೆ ಓದಿದವರು. ಕನ್ನಡಕ ಹಾಕಿಕೊಂಡು ಈ ಬಗೆಯ ವಾರಪತ್ರಿಕೆಗಳ ಧಾರಾವಾಹಿಗಳನ್ನು ಒಂದು ಕಂತೂ ಬಿಡದೆ ಓದುವವರು. ಅವರಿಗಿಂತ ಒಳ್ಳೆಯ ಪರೀಕ್ಷಕರು ಯಾವ ವಿಶ್ವವಿದ್ಯಾನಿಲಯದಲ್ಲಿ ಸಿಕ್ಕಾರು? ಅವರು ಬೆರಳಿಟ್ಟು ಓದುತ್ತ ಹೋದರು. ‘ಯಾದೃಚ್ಛಿಕ’ದ ಬಳಿ ಬೆರಳು ನಿಂತಿತು. “ಇದು ಯಾರ ಹೆಸರೋ?” ಎಂದು ಕೇಳಿದರು. ಅದನ್ನು ಹೊಡೆದುಹಾಕಿ, ‘ನಾಣ್ಯ ಚಿಮ್ಮಿ ನೋಡಿದ ಹಾಗೆ, ಯಾರಿಗೆ ಯಾವ ಮಾತ್ರೆ ಬರುತ್ತದೆಂದು ಮೊದಲೇ ಹೇಳಲಾಗದು’ ಎಂದು ಬರೆದೆ. ‘ಔಷಧಾಭಾಸ’ ಹೋಗಿ, ‘ನೋಡಲು ಔಷಧದಂತೆಯೇ ಇರುತ್ತದೆ, ಆದರೆ ಇದರಲ್ಲಿ ಔಷಧ ಇರುವುದಿಲ್ಲ’ ಎಂದಾಯಿತು. ‘ನಿಮಗೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಟ್ಟುಬಿಡಬಹುದು, ಕಾರಣ ಹೇಳಬೇಕಾಗಿಲ್ಲ, ಅದರಿಂದ ನಿಮಗೆ ಇಲ್ಲಿ ದೊರೆಯುವ ಚಿಕಿತ್ಸೆಗೆ ಕುಂದಾಗದು.’ ಈ ವಾಕ್ಯವನ್ನು ತಾಯಿ ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ, “ನಿಮ್ಮಪ್ಪನಿಗೂ ಹೀಗೆಯೇ ಒಂದು ಕಾಗದ ಕೊಟ್ಟಿದ್ದರಲ್ಲ, ಅದರಲ್ಲಿ ಏನಿತ್ತು?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಆರು ವರ್ಷಗಳ ಹಿಂದೆ ತಂದೆಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿದ್ದಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತಿದ್ದ ಅವರ ಕೈಗೆ ಮೂರು ಹಾಳೆಗಳ ಇಂಗ್ಲಿಷ್ ಕಾಗದವನ್ನು ಕೊಟ್ಟರು. ತಂದೆಗೆ ಇಂಗ್ಲಿಷ್ ಬಾರದು. ಅವರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ನನ್ನ ಕಡೆ ಚಾಚಿ, “ಏನಂತ ಬರೆದಿದೆ, ನೋಡು” ಎಂದರು. ಬಾಗಿಲಲ್ಲಿ ದಾದಿ ಕಾಯುತ್ತಿದ್ದಳು; ಹೊರಗೆ ಹಣ ಕಟ್ಟುವ ಸಾಲಿತ್ತು. ನಾನು ಓದಲಿಲ್ಲ. “ಏನಿಲ್ಲ ಅಪ್ಪ, ರೂಢಿಯ ಕಾಗದ, ರುಜು ಹಾಕಿ” ಎಂದೆ. ಅವರು ತಮ್ಮ ದುಂಡಾದ ಕನ್ನಡ ಅಕ್ಷರಗಳಲ್ಲಿ, ಒಂದೊಂದನ್ನೂ ಬಿಡಿಸಿ, ರುಜು ಹಾಕಿದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು; ಆಮೇಲೆ ಎರಡು ವರ್ಷ ನಮ್ಮೊಂದಿಗಿದ್ದರು. ಅದರಿಂದ ಯಾವ ಕೇಡೂ ಆಗಲಿಲ್ಲ. ಆದರೂ, ಎರಡು ಭಾಷೆಗಳನ್ನು ಬಲ್ಲ ಮಗನು ಪಕ್ಕದಲ್ಲಿರುವಾಗ ತಂದೆಯು ಏನೆಂದು ತಿಳಿಯದ ಕಾಗದಕ್ಕೆ ರುಜು ಹಾಕಿದರೆಂಬುದು ಉಳಿಯಿತು. ತಾಯಿಗೆ, “ಇದೇ ತರಹದ್ದು ಇದ್ದಿರಬೇಕು” ಎಂದೆ. ಅವರು ಮತ್ತೆ ಕನ್ನಡಕ ಹಾಕಿಕೊಂಡು ಮುಂದಿನ ವಾಕ್ಯಕ್ಕೆ ಬೆರಳಿಟ್ಟರು.

ಆ ರಾತ್ರಿಯಿಂದ ಇಡೀ ಕಾಗದವನ್ನು ಹೊಸದಾಗಿ ಬರೆದೆ. ಒಟ್ಟು ಇಪ್ಪತ್ತು ಗಂಟೆಯ ಕೆಲಸವಾಯಿತು. ಈ ಸಲ ಹಿಂದಿರುಗಿ ಬಂದುದು ಎರಡೇ ಎರಡು ಸಣ್ಣ ತಿದ್ದುಪಡಿಗಳೊಡನೆ. 8,400 ರೂಪಾಯಿ, ಗಂಟೆಗೆ 420. ಅದೇ ಬೇಸಗೆಯಲ್ಲಿ ಅಂಥವೇ ಇನ್ನೆರಡು ಬಂದವು. ಹಣ ಬರಲು ತಿಂಗಳಾಯಿತು. ಅಷ್ಟರಲ್ಲಿ ನಾನು ಕರಾರು, ಬಿಲ್ಲು, ಮೂಲದಲ್ಲಿಯೇ ಕಡಿತವಾಗುವ ತೆರಿಗೆ, ಅದನ್ನು ಲೆಕ್ಕ ಸಲ್ಲಿಸಿ ಹಿಂದಕ್ಕೆ ಪಡೆಯುವ ಕ್ರಮ, ಇವುಗಳನ್ನೆಲ್ಲ ಕಲಿತೆ. ಕಿರು ಉದ್ಯಮಿಯೆಂದು ಸರ್ಕಾರದಲ್ಲಿ ನೋಂದಾಯಿಸಿಕೊಂಡವನಿಗೆ, 2006ರ ಕಾಯಿದೆಯಂತೆ, ಕರಾರು ಏನೇ ಇರಲಿ, 45 ದಿನಗಳೊಳಗೆ ಹಣ ಸಲ್ಲಬೇಕು, ನೋಂದಣಿಗೆ ಶುಲ್ಕವಿಲ್ಲ. ಕವಿಯಾಗಬೇಕೆಂದು ಹೊರಟಿದ್ದವನು ಕಿರು ಉದ್ಯಮಿಯಾದೆ. ಆಗಸ್ಟಿನಲ್ಲಿ ಬಳೆಗಳು ಮನೆಗೆ ಬಂದವು. ಈ ಸಲ ಬ್ಯಾಂಕಿಗೆ ಇಬ್ಬರೂ ಹೋದೆವು. ಬಿಸಿಲಿರಲಿಲ್ಲ, ಇದ್ದಿದ್ದರೂ ಹೋಗುತ್ತಿದ್ದೆವು.

ಎಲ್ಲವೂ ಸುಗಮವಾಗಿದೆಯೆಂದು ವಾಚಕರು ತಿಳಿಯಬಾರದು. ಈಗ ಯಂತ್ರವೇ ಕ್ಷಣಾರ್ಧದಲ್ಲಿ ಕನ್ನಡ ಮಾಡಿಕೊಡುತ್ತದೆ; ‘ಯಂತ್ರ ಮಾಡಿದ್ದನ್ನು ತಿದ್ದಿದರೆ ಸಾಕು, ಅರ್ಧ ದರ’ ಎಂದು ಕೆಲವು ಸಂಸ್ಥೆಗಳು ಕೇಳುತ್ತವೆ. ನಾನು ಮೊದಲು ಎರಡು ಪುಟ ತಿದ್ದಿ ನೋಡಿ, ಗಂಟೆಯ ಲೆಕ್ಕ ಹಾಕುತ್ತೇನೆ. ಎಷ್ಟೋ ಸಲ ಕುಂಟುವ ವಾಕ್ಯವನ್ನು ನೆಟ್ಟಗೆ ಮಾಡುವುದಕ್ಕಿಂತ ಹೊಸದನ್ನು ನಡೆಸಿಕೊಂಡು ಬರುವುದೇ ಸುಲಭ. ಲೆಕ್ಕ ಕೂಡದಿದ್ದರೆ ನಮಸ್ಕಾರ ಹೇಳುತ್ತೇನೆ. ಬೇಡವೆನ್ನುವುದು ಮೊದಲು ಕಷ್ಟವಾಗಿದ್ದಿತು. ಕೈಯಲ್ಲಿ ಇನ್ನೊಂದು ಕೆಲಸವಿದ್ದರೆ ನಾಲಗೆ ಸಲೀಸಾಗಿ ಹೊರಳುತ್ತದೆ.

ಆ ಇನ್ನೊಂದು ಕೆಲಸವು ಕೈಯಲ್ಲಿರಬೇಕಾದರೆ ಅದನ್ನು ಹುಡುಕುವ ಕಾಲ ಬೇಸಗೆಯಲ್ಲ. ಬಾಯಾರಿದಾಗ ಬಾವಿ ತೋಡಿದವನ ಪಾಡು ನನಗೆ ಚೆನ್ನಾಗಿ ಗೊತ್ತು. ನಮ್ಮ ತಂದೆ ಹಳ್ಳಿಯಲ್ಲಿದ್ದಷ್ಟು ಕಾಲ ಮಾಗಿ ಉಳುಮೆಯನ್ನು ತಪ್ಪಿಸಿದವರಲ್ಲ. ಬೆಳೆ ಕೊಯ್ದಾಗಿರುತ್ತದೆ, ಮಳೆ ದೂರವಿರುತ್ತದೆ, ಹೊಲದಲ್ಲಿ ಏನೂ ಕೆಲಸವಿಲ್ಲದಂತೆ ಕಾಣುತ್ತದೆ. ಆಗಲೇ ಒಮ್ಮೆ ಉತ್ತು ಮಣ್ಣನ್ನು ಬಿಸಿಲಿಗೆ ತೆರೆದಿಟ್ಟರೆ ಮುಂಗಾರಿನ ಮೊದಲ ಹನಿ ವ್ಯರ್ಥವಾಗದೆ ಒಳಗಿಳಿಯುತ್ತದೆ. ನಾನೂ ಈಗ ಜನವರಿ, ಫೆಬ್ರವರಿಯಲ್ಲಿ, ಕಾಲೇಜಿನ ಕೆಲಸ ಇರುವಾಗಲೇ, ದಿನಕ್ಕೊಂದು ಪತ್ರ ಬರೆಯುತ್ತೇನೆ: ಅನುವಾದ ಸಂಸ್ಥೆಗಳಿಗೆ, ಪ್ರಕಾಶಕರಿಗೆ, ಆರೋಗ್ಯದ ಕರಪತ್ರ ಹೊರಡಿಸುವವರಿಗೆ. ಇಂಥ ವಿಷಯ ಬಲ್ಲೆ, ದಿನಕ್ಕೆ ಇಷ್ಟು ಪದ ಮಾಡಬಲ್ಲೆ, ದರ ಇಷ್ಟು. ಹತ್ತಕ್ಕೆ ಒಂಬತ್ತು ಪತ್ರಗಳಿಗೆ ಉತ್ತರ ಬರುವುದಿಲ್ಲ. ಹತ್ತನೆಯದು ಮೇ ತಿಂಗಳಲ್ಲಿ ಮೊಳೆಯುತ್ತದೆ.

ಮದುವೆಯ ಕರೆಯೋಲೆಗಳನ್ನೂ ಗೃಹಪ್ರವೇಶದ ಆಹ್ವಾನಗಳನ್ನೂ ಇಂದಿಗೂ ಬಿಟ್ಟಿಯಾಗಿಯೇ ಬರೆದುಕೊಡುತ್ತೇನೆ; ಸಂತೋಷದ ಮನೆಯವರ ಬಳಿ ಬಿಲ್ಲು ಹಿಡಿದು ನಿಲ್ಲುವಷ್ಟು ಉದ್ಯಮಿ ನಾನಿನ್ನೂ ಆಗಿಲ್ಲ. ಆದರೆ ಕಳೆದ ತಿಂಗಳು ಸಂಘವೊಂದರವರು ಸ್ಮರಣಸಂಚಿಕೆಯನ್ನು ಸಂಪಾದಿಸಿಕೊಡಬೇಕೆಂದು ಬಂದಾಗ, ಕಾಫಿ ಕೊಟ್ಟು, ಕುಶಲ ವಿಚಾರಿಸಿ, ಅರವತ್ತು ಗಂಟೆಯ ಕೆಲಸ, ಸಂಭಾವನೆ ಇಷ್ಟು, ಅರ್ಧ ಮುಂಗಡ ಎಂದು ಹೇಳಿದೆ. ಒಳಗಿನಿಂದ ಪಾತ್ರೆಯ ಸದ್ದು ನಿಂತುಹೋಯಿತು, ನನ್ನಾಕೆ ಕಿವಿಗೊಟ್ಟಿದ್ದಳು. ಕಾರ್ಯದರ್ಶಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನಂತರ ಹಿರಿಯರೊಬ್ಬರು ನಗುತ್ತ, “ಕೊಡೋಣ ಮೇಷ್ಟ್ರೆ. ಶಾಮಿಯಾನದವನಿಗೂ ಮುಂಗಡ ಕೊಟ್ಟೇ ಕೊಡುತ್ತೇವಲ್ಲ!” ಎಂದರು. ಪೂರ್ತಿ ಹಣ ಬಂದಿತು. ಸಭೆಯ ದಿನ, ಬೇಡವೆಂದರೂ ಕೇಳದೆ, ಒಂದು ಶಾಲನ್ನೂ ಹೊದಿಸಿದರು.

ಎಂಟನೆಯ ಶಾಲನ್ನು ನನ್ನಾಕೆ ಪೆಟ್ಟಿಗೆಗೆ ಹಾಕಲಿಲ್ಲ. ಅದನ್ನು ತಾಯಿಗೆ ಕೊಟ್ಟಳು. ರಾತ್ರಿ ನಾನು ಬರೆಯುತ್ತ ಕುಳಿತಾಗ ಅವರು ಅದನ್ನು ಹೊದ್ದು ಎದುರಿನ ಕುರ್ಚಿಯಲ್ಲಿ ಧಾರಾವಾಹಿ ಓದುತ್ತಿರುತ್ತಾರೆ. ಯಾವುದಾದರೊಂದು ವಾಕ್ಯದಲ್ಲಿ ನಾನು ತಡವರಿಸಿದರೆ, ಅಂಥದೇ ಇನ್ನೊಂದನ್ನು ಕಟ್ಟಿ ಗಟ್ಟಿಯಾಗಿ ಓದುತ್ತೇನೆ. ಅವರು ತಲೆಯೆತ್ತಿ, “ತಿಳಿಯಿತು” ಎಂದರೆ ಮುಂದಕ್ಕೆ ಹೋಗುತ್ತೇನೆ. “ಅಂದರೆ?” ಎಂದರೆ ಹೊಡೆದುಹಾಕಿ ಮತ್ತೆ ಬರೆಯುತ್ತೇನೆ. ಪದವೊಂದಕ್ಕೆ ಎರಡು ರೂಪಾಯಿ ನನಗೆ ಸಲ್ಲುವುದು ಆ “ತಿಳಿಯಿತು” ಎಂಬ ಮಾತಿಗೆ.